‘ಬಿಡು’ವನ್ನು ಬಿಡಿಸಿ ಹೇಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿಗೆ ಕೆಲಸಕ್ಕೆಂದು ಬಂದವರಿಗೆ ಶನಿವಾರ ಸಂಜೆ ಕನ್ನಡ ಹೇಳಿಕೊಡುತ್ತೇನೆ. ಹೊರದೇಶದಲ್ಲಿ ಮಕ್ಕಳಿಗೆ ಮನೆಯಲ್ಲೇ ಕನ್ನಡ ಕಲಿಸುವ ಅಪ್ಪ ಅಮ್ಮಂದಿರೂ ಆಗಾಗ ಬರೆಯುತ್ತಾರೆ. ಒತ್ತಕ್ಷರ, ವಿಭಕ್ತಿ, ‘ಳ’ಕಾರ ಎಲ್ಲವನ್ನೂ ಹೇಗೋ ದಾಟಿಕೊಂಡವರು ಬಂದು ಮುಗ್ಗರಿಸುವುದು ‘ಬಿಡು’ ಎಂಬ ಎರಡಕ್ಷರದ ಮೇಲೆ. ಹುಟ್ಟಾ ಕನ್ನಡಿಗರೂ ಕೇಳುತ್ತಾರೆ, ಆದರೆ ಅವರ ಅನುಮಾನಗಳೇ ಬೇರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಬೇಕಾದ್ದನ್ನು ಓದಿ, ಬೇಡದ್ದನ್ನು ಬಿಡಿ.

## ಮೊದಲ ವಾರದ ಪ್ರಶ್ನೆಗಳು

“ಸಿಗರೇಟು ಬಿಟ್ಟಿದ್ದಾನೆ ಅಂದ್ರೆ ಈಗ ಸಿಗರೇಟು ಇಲ್ಲ. ಗಡ್ಡ ಬಿಟ್ಟಿದ್ದಾನೆ ಅಂದ್ರೆ ಈಗ ಗಡ್ಡ ಇದೆ. ಇದೇನ್ ಮೇಡಂ ಅನ್ಯಾಯ?”

‘ಬಿಡು’ ಅಂದರೆ ‘ತೊರೆ’ ಎಂದು ಯಾರೋ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ತೊಡಕು ಶುರುವಾಗುವುದೇ ಅಲ್ಲಿ. ‘ಹಿಡಿತ ಸಡಿಲಿಸು, ತಡೆ ತೆಗೆ’ ಎಂದು ಇಟ್ಟುಕೊಂಡು ನೋಡಿ. ತಡೆ ಹೋದಮೇಲೆ ಆ ವಸ್ತು ತನ್ನ ಪಾಡಿಗೆ ತಾನು ಏನು ಮಾಡುತ್ತದೋ ಅದು ಅದರ ಸ್ವಭಾವ. ಸಿಗರೇಟನ್ನು ಹಿಡಿದಿದ್ದದ್ದು ಕೈ. ಕೈ ಸಡಿಲವಾದರೆ ಅದು ದೂರವಾಗುತ್ತದೆ. ಗಡ್ಡವನ್ನು ತಡೆದಿದ್ದದ್ದು ದಿನಬೆಳಗಿನ ಬ್ಲೇಡು. ಅದು ಸುಮ್ಮನಾದರೆ ಗಡ್ಡ ಬೆಳೆಯುತ್ತದೆ. ಗಾಳಿಪಟ ಬಿಟ್ಟರೆ ಮೇಲಕ್ಕೆ, ಬಾವಿಗೆ ಕೊಡ ಬಿಟ್ಟರೆ ಕೆಳಕ್ಕೆ, ದನ ಬಿಟ್ಟರೆ ಹುಲ್ಲಿರುವ ಕಡೆಗೆ. ಇಷ್ಟು ಮನಸ್ಸಿಗೆ ಹತ್ತಿದರೆ ಮುಂದಿನ ಅರ್ಧ ಪ್ರಶ್ನೆಗಳನ್ನು ನೀವೇ ಉತ್ತರಿಸಿಕೊಳ್ಳಬಹುದು.

“ಮಾವಿನ ಮರ ಹಣ್ಣು ಬಿಟ್ಟಿದೆ ಅಂದ್ರೆ ಹಣ್ಣು ಮರದಲ್ಲಿದೆಯೋ, ನೆಲದ ಮೇಲೋ?”

ಮರದಲ್ಲೇ ಇದೆ. ಒಳಗಿದ್ದದ್ದನ್ನು ಮರ ಹೊರಕ್ಕೆ ಬಿಟ್ಟಿದೆ. ಮಲ್ಲಿಗೆ ಬಳ್ಳಿ ಹೂ ಬಿಡುವುದೂ, ಬಾಳೆ ಗೊನೆ ಬಿಡುವುದೂ, ಗಿಡ ಬೇರು ಬಿಡುವುದೂ ಹೀಗೆಯೇ. ನೆಲಕ್ಕೆ ಬಿದ್ದಿದ್ದರೆ ‘ಉದುರಿದೆ’ ಅನ್ನುತ್ತೇವೆ. ಮನುಷ್ಯರಲ್ಲಿ ಉಸಿರು, ನಿಟ್ಟುಸಿರು, ತೇಗು ಈ ಸಾಲಿಗೆ ಸೇರುತ್ತವೆ. ಹೊಸ ಕೆಂಪು ಸೀರೆ ಒಗೆದಾಗ ಬಣ್ಣ ಬಿಡುವುದೂ ಇದೇ ಜಾತಿ, ಅದರ ಜೊತೆ ನೆನೆಸಿಟ್ಟ ಬಿಳಿ ಅಂಗಿಯ ಗತಿ ಬೇರೆ ಹೇಳಬೇಕಿಲ್ಲ.

“ಮಾತು ಬಿಟ್ಟ ಅಂದ್ರೆ ಮಾತಾಡಲ್ಲ. ಬಾಯಿ ಬಿಟ್ಟ ಅಂದ್ರೆ ಮಾತಾಡಿದ. ಯಾವುದನ್ನ ನಂಬೋದು?”

ಎರಡನ್ನೂ ನಂಬಿ. ಬಾಯಿ ಮುಚ್ಚಿಕೊಂಡಿತ್ತು, ಈಗ ಬಿಟ್ಟ, ಆದ್ದರಿಂದ ತೆರೆಯಿತು. ಕಣ್ಣು ಬಿಡುವುದೂ ಹಾಗೆಯೇ. ಮಾತು ಬಿಡುವುದು ಮಾತ್ರ ಸಂಬಂಧದ ವಿಷಯ: ಅಣ್ಣ ತಮ್ಮ ಆಸ್ತಿಗಾಗಿ ಮಾತು ಬಿಡುತ್ತಾರೆ, ಮಕ್ಕಳು ಪೆನ್ಸಿಲ್‌ಗಾಗಿ ‘ಟೂ’ ಬಿಡುತ್ತಾರೆ. ಮಕ್ಕಳದ್ದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಒಂದು ಎಚ್ಚರಿಕೆ. ಜೋಡಿಪದವಾದರೆ ಅರ್ಥ ಬದಲಾಗುತ್ತದೆ. ‘ಕಣ್ಣು ಬಿಟ್ಟ’ ಎಂದರೆ ಎಚ್ಚರವಾದ. ‘ಕಣ್ಣು ಕಣ್ಣು ಬಿಟ್ಟ’ ಎಂದರೆ ಏನು ಮಾಡಬೇಕೋ ತೋಚದೆ ನಿಂತ.

“ಶಾಲೆ ಬಿಟ್ಟಿತು, ಶಾಲೆ ಬಿಟ್ಟ. ಒಂದಕ್ಷರಕ್ಕೆ ಇಷ್ಟು ವ್ಯತ್ಯಾಸವಾ?”

ಹೌದು. ಐದು ಗಂಟೆಗೆ ಶಾಲೆ ಬಿಟ್ಟಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ. ಮೊದಲನೆಯದು ಮಕ್ಕಳ ಕೇಕೆ, ಎರಡನೆಯದು ಒಂದು ಮನೆಯ ಕಷ್ಟ. ಬಿಟ್ಟವರು ಯಾರು ಎಂದು ಕ್ರಿಯಾಪದದ ಕೊನೆ ನೋಡಿ ತಿಳಿಯಬೇಕು. ಬಸ್ಸಿಗೂ ಹಾಗೆಯೇ: ‘ಬಸ್ ಬಿಟ್ಟಿತು’ ಅಂದರೆ ಅದು ಹೊರಟಿತು, ‘ಬಸ್ ಬಿಟ್ಟೆ’ ಅಂದರೆ ನಾನೇ ಹತ್ತಲಿಲ್ಲ.

## ಬೀದಿಯಲ್ಲಿ, ಅಡುಗೆಮನೆಯಲ್ಲಿ, ಆಫೀಸಿನಲ್ಲಿ

“ಆಟೋದವರು ‘ಬಿಡಿ ಸಾರ್’ ಅಂದ್ರೆ ಹೋಗಿ ಅಂತಲಾ, ಪರವಾಗಿಲ್ಲ ಅಂತಲಾ?”

ಧ್ವನಿ ಕೇಳಿ. ಐದು ರೂಪಾಯಿ ಚಿಲ್ಲರೆ ನಿಮ್ಮ ಹತ್ತಿರ ಇಲ್ಲದಿದ್ದಾಗ ‘ಬಿಡಿ ಸಾರ್’ ಅಂದರೆ ದೊಡ್ಡ ಮನಸ್ಸು. ನೀವು ಮೀಟರ್ ಹಾಕಿ ಅಂದಾಗ ಅದೇ ಮಾತು ಬಂದರೆ ಬೇರೆ ಆಟೋ ನೋಡಿಕೊಳ್ಳಿ.

ಈ ‘ಬಿಡಿ’ ಕ್ರಿಯಾಪದದ ಕೆಲಸ ಮುಗಿಸಿ ನಿವೃತ್ತವಾದ ಪದ. ಈಗ ಅದು ಮಾತಿಗೆ ಒಗ್ಗರಣೆ. ‘ಅದು ಬಿಡಿ, ಮಗಳ ಮದುವೆ ಎಲ್ಲಿಗೆ ಬಂತು?’ ಎಂದರೆ ವಿಷಯ ಬದಲಾಯಿತು. ‘ಅವಳ ಕೈಯಡುಗೆ ಬಿಡು!’ ಎಂದರೆ ಹೊಗಳಿಕೆ, ಹೇಳಿ ಮುಗಿಯುವಂಥದ್ದಲ್ಲ ಎಂದು. ‘ನಮ್ಮ ಕಥೆ ಬಿಡು’ ಎಂದರೆ ನಿಟ್ಟುಸಿರು. ಗೆಳೆಯನಿಗೆ ‘ಬಿಡೋ’, ಸಮಾಧಾನ ಮಾಡುವಾಗ ‘ಬಿಡಪ್ಪ’, ‘ಬಿಡಮ್ಮ’, ಹಿರಿಯರಿಗೂ ಅಪರಿಚಿತರಿಗೂ ‘ಬಿಡಿ’. ಕಲಿಯುವವರು ಏಕವಚನದ ‘ಬಿಡು’ವನ್ನು ಮೊದಲು ಕಲಿತು ಅದನ್ನೇ ಕಂಡಕ್ಟರಿಗೂ ಹೇಳಿ ಬೈಸಿಕೊಳ್ಳುತ್ತಾರೆ. ‘ಬಿಡಿ’ಯಿಂದ ಶುರುಮಾಡುವುದು ಕ್ಷೇಮ.

“ಹೊಸದಾಗಿ ಮದುವೆಯಾಗಿ ಬಂದಿದ್ದೆ. ಏನೋ ಅಂದಿದ್ದಕ್ಕೆ ಅತ್ತೆ ಗಾಬರಿಯಾಗಿ ‘ಬಿಡ್ತು ಅನ್ನು, ಬಿಡ್ತು ಅನ್ನು’ ಅಂದ್ರು. ಏನು ಬಿಡ್ತು?”

ನೀವು ಅಂದದ್ದು ಅಶುಭ ಇದ್ದಿರಬೇಕು. ‘ಈ ಮಳೆಯಲ್ಲಿ ಹೋಗಿ ಎಲ್ಲಾದರೂ ಬಿದ್ದರೆ?’ ಎಂದು ಯಾರಾದರೂ ಅಂದರೆ ಮನೆಯ ಹಿರಿಯರು ಆ ಮಾತು ಅಲ್ಲೇ ನಿಲ್ಲದ ಹಾಗೆ ‘ಬಿಡ್ತು ಅನ್ನು’ ಅನ್ನುತ್ತಾರೆ. ನೀವು ‘ಬಿಡ್ತು’ ಅಂದರೆ ಮುಗಿಯಿತು, ಮಾತಿಗೆ ಹತ್ತಿದ ಕೇಡು ಕಳಚಿಕೊಂಡಿತು. ಏನು ಬಿಟ್ಟಿತು ಎಂದು ಹೆಸರಿಸುವ ಹಾಗಿಲ್ಲ. ಹೆಸರಿಸಿದರೆ ಅದನ್ನು ಇನ್ನೊಮ್ಮೆ ಕರೆದಂತೆ ಎಂಬ ಅಳುಕು ಇದರ ಹಿಂದಿದೆ ಎಂದು ನನಗನ್ನಿಸುತ್ತದೆ. ಕನ್ನಡದಲ್ಲಿ ನನಗೆ ಅತ್ಯಂತ ಇಷ್ಟವಾದ ಒಂದು ಪದದ ವಾಕ್ಯ ಇದು. ಇದನ್ನು ಬೇರೆ ಭಾಷೆಗೆ ಹೇಳಿಕೊಡಲು ಹೊರಟು ಪ್ರತಿ ಸಲವೂ ಸೋತಿದ್ದೇನೆ.

“ರೆಸಿಪಿಯಲ್ಲಿ ‘ಎಣ್ಣೆ ಬಿಡುವವರೆಗೆ ಹುರಿಯಿರಿ’ ಅಂತ ಇತ್ತು. ನಾನು ಎಣ್ಣೆ ಬಿಡ್ತಾನೇ ಹೋದೆ.”

ಅಯ್ಯೋ. ಅಲ್ಲಿ ಎಣ್ಣೆ ಬಿಡಬೇಕಾದದ್ದು ಮಸಾಲೆ, ನೀವಲ್ಲ. ಈರುಳ್ಳಿ, ಟೊಮೆಟೊ, ಅರೆದ ಮಸಾಲೆ ಚೆನ್ನಾಗಿ ಬೆಂದು ನೀರಾರಿದಾಗ ಎಣ್ಣೆ ಅಂಚಿನಲ್ಲಿ ಬೇರ್ಪಟ್ಟು ಹೊಳೆಯುತ್ತದೆ, ಅದಕ್ಕೆ ಕಾಯಬೇಕು. ಉಪ್ಪು ಬೆರೆಸಿದ ಸೌತೆಕಾಯಿ ನೀರು ಬಿಡುವುದಕ್ಕೂ, ಹಲ್ವ ತಳ ಬಿಡುವುದಕ್ಕೂ ಕಾಯುವುದೇ ಕೆಲಸ. ‘ಬಿಸಿ ಅನ್ನದ ಮೇಲೆ ಒಂದು ಚಮಚ ತುಪ್ಪ ಬಿಡಿ’, ‘ಕಾದ ಎಣ್ಣೆಗೆ ಬೋಂಡ ಬಿಡಿ’ ಎಂದಿದ್ದರೆ ಕೆಲಸ ನಿಮ್ಮದು. ‘ಬಿಡುವವರೆಗೆ’ ಎಂದು ಕಂಡರೆ ಕಾಯಿರಿ, ‘ಬಿಡಿ’ ಎಂದು ಕಂಡರೆ ಕೈ ಆಡಿಸಿ.

“‘ಎರಡು ಮನೆ ಬಿಟ್ಟು’ ಅಂದ್ರು. ನಾನು ಎರಡನೇ ಮನೆ ಬೆಲ್ ಒತ್ತಿದೆ.”

ಮೂರನೆಯದನ್ನು ಒತ್ತಬೇಕಿತ್ತು. ಇಲ್ಲಿ ‘ಬಿಟ್ಟು’ ಅಂದರೆ ಲೆಕ್ಕಕ್ಕೆ ಹಿಡಿಯದೆ, ದಾಟಿ. ಡಾಕ್ಟರು ‘ದಿನ ಬಿಟ್ಟು ದಿನ’ ಮಾತ್ರೆ ಕೊಟ್ಟರೆ ಸೋಮವಾರ ತೆಗೆದುಕೊಂಡವರು ಮುಂದೆ ಬುಧವಾರ ತೆಗೆದುಕೊಳ್ಳಬೇಕು. ‘ಒಂದು ವಾರ ಬಿಟ್ಟು ಬನ್ನಿ’ ಎಂದು ಕಚೇರಿಯಲ್ಲಿ ಹೇಳಿದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ‘ನಿನ್ನ ಬಿಟ್ಟರೆ ನನಗ್ಯಾರು’ ಎಂಬಲ್ಲಿ ‘ಹೊರತು’ ಎಂಬರ್ಥ. ಜ್ವರ ಬಿಟ್ಟು ಬಿಟ್ಟು ಬರುವುದು ಬೇರೆ, ಮಳೆ ಬಿಟ್ಟೂ ಬಿಡದೆ ಸುರಿಯುವುದು ಬೇರೆ. ಆಗುಂಬೆಯ ಜುಲೈಗೆ ಹೊಂದುವುದು ಎರಡನೆಯದು.

“ಬುರುಡೆ ಬಿಡು, ರೈಲು ಬಿಡು, ರೀಲು ಬಿಡು, ಓಳು ಬಿಡು... ಸುಳ್ಳನ್ನ ಯಾಕೆ ಬಿಡಬೇಕು?”

ಗಾಳಿಪಟವನ್ನು ಯಾಕೆ ಬಿಡುತ್ತೇವೋ ಅದಕ್ಕೇ. ‘ಸುಳ್ಳು ಹೇಳಿದ’ ಎಂದರೆ ಮೋಸದ ವಾಸನೆ ಇದೆ. ‘ರೈಲು ಬಿಟ್ಟ’ ಎಂದರೆ ಕೇಳುವವರಿಗೂ ಗೊತ್ತು, ಬಿಡುವವನಿಗೂ ಗೊತ್ತು, ಬೋಗಿಗೆ ಬೋಗಿ ಸೇರುತ್ತಾ ಹೋಗುತ್ತದೆ ಅಷ್ಟೆ. ಅಂದಹಾಗೆ ಕರಾವಳಿಯಲ್ಲಿ ‘ಕಾರು ಬಿಡಲಿಕ್ಕೆ ಬರ್ತದಾ?’ ಎಂದು ಕೇಳಿದರೆ ಡ್ರೈವಿಂಗ್ ಬರುತ್ತದೆಯೇ ಎಂದರ್ಥ, ನಿಮ್ಮ ಮೇಲೆ ಅನುಮಾನವಲ್ಲ.

## ವ್ಯಾಕರಣದ ಗಂಟು

“‘ಮರೆತೆ’ ಅಂದ್ರೇ ಸಾಕಲ್ಲ, ‘ಮರೆತುಬಿಟ್ಟೆ’ ಯಾಕೆ?”

‘ಮರೆತೆ’ ಎನ್ನುವುದು ವರದಿ. ‘ಮರೆತುಬಿಟ್ಟೆ’ ಎಂದರೆ ನನ್ನ ಹಿಡಿತ ತಪ್ಪಿ ಹೋಯಿತು, ಇನ್ನು ಹಿಂದಕ್ಕೆ ತರಲಾರೆ ಎಂಬ ತಪ್ಪೊಪ್ಪಿಗೆ ಸೇರಿದೆ. ಇನ್ನೊಂದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಾಗ ‘ಬಿಡು’ ತನ್ನ ಮೂಲ ಗುಣವನ್ನು ಮರೆಯುವುದಿಲ್ಲ: ಆದದ್ದು ಕೈಜಾರಿತು. ಆ ಜಾರುವಿಕೆ ಕೆಲವೊಮ್ಮೆ ಬೇಸರ (‘ಒಡೆದುಬಿಟ್ಟೆ’), ಕೆಲವೊಮ್ಮೆ ನಿರಾಳ (‘ಕೊನೆಗೂ ಮುಗಿಸಿಬಿಟ್ಟೆ’), ಕೆಲವೊಮ್ಮೆ ಅಚ್ಚರಿ (‘ಹೇಳದೆ ಕೇಳದೆ ಬಂದುಬಿಟ್ಟರು’). ಆಜ್ಞೆಯಲ್ಲಿ ಬಂದರೆ ತಡಮಾಡಬೇಡ ಎಂದು: ‘ಏನಿದೆಯೋ ಹೇಳಿಬಿಡು’.

ರುಚಿ ಹತ್ತಿದ ಮೇಲೆ ಕಲಿಯುವವರು ಇದನ್ನು ಎಲ್ಲದಕ್ಕೂ ಸೇರಿಸತೊಡಗುತ್ತಾರೆ. ‘ಬೆಳಗ್ಗೆ ಕಾಫಿ ಕುಡಿದೆ’ ಸರಿ. ‘ಬೆಳಗ್ಗೆ ಕಾಫಿ ಕುಡಿದುಬಿಟ್ಟೆ’ ಅಂದರೆ ಯಾರದೋ ಕಾಫಿ ಇರಬೇಕು, ಅಥವಾ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು. ‘ಮದುವೆಯಾದೆ’ ಮತ್ತು ‘ಮದುವೆಯಾಗಿಬಿಟ್ಟೆ’ ನಡುವಿನ ದೂರವನ್ನು ವಿವರಿಸದೆ ಬಿಡುತ್ತೇನೆ.

ಇದಕ್ಕೆ ‘ಇಲ್ಲ’ ಸುಲಭಕ್ಕೆ ಹೊಂದುವುದಿಲ್ಲ. ‘ಮರೆತುಬಿಡಲಿಲ್ಲ’ ಎಂದು ಸಾಮಾನ್ಯವಾಗಿ ಯಾರೂ ಅನ್ನುವುದಿಲ್ಲ, ‘ಮರೆಯಲಿಲ್ಲ’ ಅನ್ನುತ್ತಾರೆ. ಕೈಜಾರದೇ ಇದ್ದದ್ದು ಕೈಜಾರಿತು ಎಂದು ಹೇಳುವುದಾದರೂ ಹೇಗೆ? ಆದರೆ ಎಚ್ಚರಿಸುವಾಗ ‘ಮರೆತುಬಿಡಬೇಡ’ ಧಾರಾಳವಾಗಿ ಬರುತ್ತದೆ.

“ಕೂಡಿಸಿ ಬರೆಯಬೇಕಾ, ಬಿಡಿಸಿ ಬರೆಯಬೇಕಾ?”

ಅರ್ಥ ನೋಡಿ. ‘ಮಗುವನ್ನು ಅಜ್ಜಿ ಮನೆಗೆ ಹೋಗಿ ಬಿಡು’ ಎಂದರೆ ಹೋಗಬೇಕು, ಆಮೇಲೆ ಮಗುವನ್ನು ಬಿಡಬೇಕು. ಎರಡು ಕೆಲಸ, ಎರಡು ಪದ. ‘ನನ್ನ ಕಣ್ಣೆದುರಿನಿಂದ ಹೋಗಿಬಿಡು’ ಎಂದರೆ ಒಂದೇ ಕೆಲಸ, ಕೂಡಿಸಿ. ‘ಬಿಟ್ಟುಬಿಡು’ ಎಂದು ಪದ ತನ್ನ ಮೇಲೆ ತಾನೇ ಕೂತರೂ ತಪ್ಪಿಲ್ಲ: ಮೊದಲನೆಯದು ಕೆಲಸ, ಎರಡನೆಯದು ಅದರ ಮುದ್ರೆ. ಆಡುಮಾತಿನ ‘ಊಟ ಮಾಡ್ಬಿಟ್ಟು ಬರ್ತೀನಿ’ಯಲ್ಲಿ ಅದು ಸವೆದು ‘ಮಾಡಿ ಆದಮೇಲೆ’ ಎಂಬಷ್ಟಕ್ಕೆ ಬಂದು ನಿಂತಿದೆ.

“ಮಾಡು–ಮಾಡಿದ. ಹಾಗಾದ್ರೆ ಬಿಡು–ಬಿಡಿದ ಯಾಕಲ್ಲ?”

ಕೊಡು, ಇಡು, ಕೆಡು, ಸುಡು, ಉಡು, ತೊಡು, ನೆಡು, ಪಡು: ಎಲ್ಲದರ ಮೊದಲ ಸ್ವರ ಗಿಡ್ಡ. ಭೂತಕಾಲದಲ್ಲಿ ಇವು ಕೊಟ್ಟ, ಇಟ್ಟ, ಕೆಟ್ಟ, ಸುಟ್ಟ ಎಂದು ಗಟ್ಟಿಯಾಗುತ್ತವೆ. ಮಾಡು, ನೋಡು, ಹಾಡು, ಓಡು ಇವುಗಳ ಮೊದಲ ಸ್ವರ ಉದ್ದ. ಅವು ‘ಇದ’ ಸೇರಿಸಿಕೊಳ್ಳುತ್ತವೆ. ಪುಟ್ಟ ಮಕ್ಕಳು ‘ಕೊಡಿದ’ ಅಂದು ಆಮೇಲೆ ತಾವೇ ತಿದ್ದಿಕೊಳ್ಳುತ್ತಾರೆ. ನೀವೂ ತಿದ್ದಿಕೊಳ್ಳುತ್ತೀರಿ.

“‘ಬಿಡಿಸು’ಗೆ ಒಂದು ಕಡೆ ಚಿತ್ರ, ಇನ್ನೊಂದು ಕಡೆ ಬಟಾಣಿ, ಮತ್ತೊಂದು ಕಡೆ ಒಡವೆ! ಇದಕ್ಕೇನಂತೀರಾ?”

ಕನ್ನಡದ ದುಡಿಮೆಗಾರ ಅಂತೀನಿ. ಸಿಪ್ಪೆಯಿಂದ ಬಟಾಣಿ, ಹಲಸಿನಿಂದ ತೊಳೆ, ಗಿಡದಿಂದ ಹತ್ತಿ, ಗಿರವಿ ಅಂಗಡಿಯಿಂದ ಒಡವೆ, ಜೈಲಿನಿಂದ ಮನುಷ್ಯ, ಮೈಯಿಂದ ದೆವ್ವ, ಎದೆಹಾಲಿನಿಂದ ಮಗು — ಇವನ್ನೆಲ್ಲ ಬಿಡಿಸುತ್ತೇವೆ. ಗಂಟು, ಜಗಳ, ಒಗಟು, ಲೆಕ್ಕವನ್ನೂ ಬಿಡಿಸುತ್ತೇವೆ, ಏಕೆಂದರೆ ನಾಲ್ಕರಲ್ಲೂ ಎಳೆಗಳು ಸಿಕ್ಕಿಕೊಂಡಿರುತ್ತವೆ. ಚಿತ್ರ, ರಂಗೋಲಿ ಬಿಡಿಸುವುದು ಮಾತ್ರ ನನ್ನನ್ನು ತುಂಬಾ ದಿನ ಕಾಡಿತ್ತು. ಅಮ್ಮ ಹಿಡಿಯೊಳಗಿನ ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಸಡಿಲಿಸುತ್ತಾ ಎಳೆ ಹಾಕುವುದನ್ನು ಒಂದು ದಿನ ಹತ್ತಿರ ಕೂತು ನೋಡಿದ ಮೇಲೆ ಕಾಡುವುದು ನಿಂತಿತು. ಅದು ಪದದ ಹುಟ್ಟಿನ ನಿಜವಾದ ಕಥೆ ಎಂದು ವಾದಿಸುವುದಿಲ್ಲ.

“ಮಂಡ್ಯದ ಗೆಳೆಯ ‘ಬುಡತ್ಲಾಗೆ’ ಅಂತಾನೆ. ಅದು ತಪ್ಪು ಕನ್ನಡವಾ?”

ತಪ್ಪಲ್ಲ, ಮಂಡ್ಯದ ಕನ್ನಡ. ‘ಬಿಡು ಅತ್ತಲಾಗೆ’ ಎಂಬುದರ ಸೊಗಸಾದ ಗಂಟು ಅದು. ಮೈಸೂರು–ಮಂಡ್ಯದ ಕಡೆ ‘ಬಿಡು’ ತುಟಿ ದುಂಡಾಗಿಸಿಕೊಂಡು ‘ಬುಡು’ ಆಗುತ್ತದೆ: ಬುಡ್ಲಾ, ಬುಟ್ಬುಡು, ವೋಗ್ಬುಟ್ಟ. ಧಾರವಾಡದಲ್ಲಿ ‘ಬಿಡ್ರಿ’, ‘ಹೋಗಿಬಿಟ್ಟಾನ’. ಮಂಗಳೂರಿನಲ್ಲಿ ‘ಬಿಡಿ ಮಾರಾಯ್ರೆ’. ತುಳುವಿನಲ್ಲೂ ‘ಬುಡು’ವೇ.

## ಬೇರು ಹುಡುಕುವವರಿಗೆ

“ಹಳೇಬೀಡು, ಬಿಡಾರ, ಬಿಡದಿ, ಬಿಡುವು — ಎಲ್ಲಾ ಒಂದೇ ಮನೆಯವಾ?”

ಒಂದೇ ಮನೆಯವು. ಪಡು–ಪಾಡು, ಕೆಡು–ಕೇಡು ಆದ ಹಾಗೆ ಬಿಡು–ಬೀಡು: ಸ್ವರ ಉದ್ದವಾಗಿ ನಾಮಪದ ಹುಟ್ಟುತ್ತದೆ. ಪಯಣ ನಿಲ್ಲಿಸಿ, ಎತ್ತು ಕುದುರೆಗಳನ್ನು ಬಿಟ್ಟು ತಂಗಿದ ಜಾಗ ಬೀಡು. ದಂಡಿನ ಬೀಡು ಬೆಳೆದು ರಾಜನ ಊರೂ ಆಗುತ್ತದೆ. ಶಾಸನಗಳಲ್ಲಿ ಅರಸರು ‘ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ’, ಅಂದರೆ ನೆಲೆಯಾದ ಬೀಡಿನಲ್ಲಿ ಸುಖದ ಮಾತುಕತೆಯ ವಿನೋದದಿಂದ, ರಾಜ್ಯವಾಳುತ್ತಿರುತ್ತಾರೆ. ಹೊಯ್ಸಳರ ದೋರಸಮುದ್ರದ ಮೇಲೆ 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಮುಂದೆ ಆ ರಾಜಧಾನಿ ಪಾಳುಬಿತ್ತು. ಉಳಿದ ಹೆಸರು ಹಳೇಬೀಡು. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮನೆಯನ್ನು ಇವತ್ತಿಗೂ ‘ಬೀಡು’ ಎನ್ನುತ್ತಾರೆ. ಸಕ್ರೆಬೈಲಿನ ಆನೆಗಳು ಇರುವುದು ಬಿಡಾರದಲ್ಲಿ. ಮದುವೆಗೆ ಬಂದ ಗಂಡಿನ ಕಡೆಯವರನ್ನು ಇಳಿಸುವ ಮನೆ ಬಿಡದಿ. ಕೆಲಸ ನಮ್ಮನ್ನು ಬಿಟ್ಟ ಹೊತ್ತು ಬಿಡುವು.

“ಶಾಸನದಲ್ಲಿ ‘ಭೂಮಿಯಂ ಬಿಟ್ಟರ್’ ಅಂತ ಓದಿದೆ. ರಾಜರು ಭೂಮಿ ಬಿಟ್ಟು ಓಡಿಹೋದ್ರಾ?”

ಇಲ್ಲ, ದಾನ ಕೊಟ್ಟರು. ‘ಧಾರಾಪೂರ್ವಕಂ ಮಾಡಿ ಬಿಟ್ಟರ್’ ಎಂದರೆ ನೀರೆರೆದು ತಮ್ಮ ಹಕ್ಕು ಸಡಿಲಿಸಿದರು. ಹಾಗೆ ಕೊಟ್ಟದ್ದು ‘ಬಿಟ್ಟ ದತ್ತಿ’. ಕೊಡುವುದಕ್ಕೂ ಬಿಡುವುದ‌ಕ್ಕೂ ಇರುವ ಸೂಕ್ಷ್ಮ ಇಲ್ಲಿದೆ: ಬಿಟ್ಟದ್ದರ ಮೇಲೆ ಮತ್ತೆ ಮಾತಿಲ್ಲ. ಇಂದಿಗೂ ಅಣ್ಣ ತಮ್ಮಂದಿರ ನಡುವೆ ಪಾಲು ಬಿಟ್ಟುಕೊಡುವಾಗ ಬರೆಸುವುದು ‘ಹಕ್ಕು ಬಿಡುಗಡೆ ಪತ್ರ’. ದೇವರ ಹೆಸರಿನಲ್ಲಿ ಬಿಟ್ಟ ಬಸವ ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿರಲಿಲ್ಲ.

ಇದೇ ಮಾತನ್ನು ಹೆಣ್ಣುಮಕ್ಕಳ ಮೇಲೂ ಬಳಸಿದ್ದೇವೆ. ಬಳ್ಳಾರಿಯ ಸುತ್ತಿನಲ್ಲಿ ‘ಬಸವಿ ಬಿಡುವುದು’ ಎಂದರೆ ಹುಡುಗಿಯನ್ನು ದೇವರಿಗೆ ಬಿಡುವುದು. ದೇವರ ಹೆಸರಿತ್ತು, ಬಿಟ್ಟದ್ದು ಯಾರ ಪಾಲಿಗೆ ಎಂದು ಊರಿಗೆಲ್ಲ ಗೊತ್ತಿತ್ತು. ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಿದ್ದು 1982ರಲ್ಲಿ. ಈ ಪದದ ಪಟ್ಟಿ ಮಾಡುವಾಗ ಈ ಒಂದು ಬಳಕೆಯನ್ನು ಬಿಟ್ಟುಬಿಡುವ ಆಸೆಯಾಗುತ್ತದೆ, ಬಿಡಬಾರದು.

“ಬಿಟ್ಟಿ, ಬೀಡಿ, ಬಿಟ್ಟಿದೇವ... ಇವೂ ‘ಬಿಡು’ವಿನಿಂದ ಬಂದಿದ್ದಾ?”

ಮೂರೂ ಅಲ್ಲ. ಬಿಟ್ಟಿ ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು, ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸುವ ಕೆಲಸ. ‘ಬಿಟ್ಟಿ ಸಿಕ್ಕಿತು’ ಎಂದು ನಾವು ಖುಷಿಪಡುವ ಪದದೊಳಗೆ ಯಾರದೋ ಬೆವರಿದೆ. ಬೀಡಿ, ಬೀಡಾ ಎರಡೂ ‘ವೀಟಿಕಾ’ದ ಮಕ್ಕಳು. ಬಿಟ್ಟಿದೇವನ ‘ಬಿಟ್ಟಿ’ಯು ‘ವಿಷ್ಣು’ವಿನ ತದ್ಭವ, ಆತ ವಿಷ್ಣುವರ್ಧನ, 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ದೊರೆ. ಅವನ ರಾಜಧಾನಿಯ ಇಂದಿನ ಹೆಸರಿನಲ್ಲಿ ‘ಬಿಡು’ ಇದೆ, ಅವನ ಹೆಸರಿನಲ್ಲಿ ಇಲ್ಲ.

“ತಮಿಳಿನ ‘ವೀಡು’ ಅಂದ್ರೆ ಮನೆ. ನಮ್ಮ ಬೀಡಿಗೂ ಅದಕ್ಕೂ ನಂಟಿದೆಯಾ?”

ಒಡಹುಟ್ಟುಗಳು. ಪದದ ಮೊದಲಲ್ಲಿ ತಮಿಳಿನ ವ ಇದ್ದಲ್ಲಿ ಕನ್ನಡದಲ್ಲಿ ಬ: ವಾ–ಬಾ, ವಿಲ್–ಬಿಲ್ಲು, ವಿರಲ್–ಬೆರಳು, ವೇರ್–ಬೇರು, ವಿಡು–ಬಿಡು. ತಮಿಳಿನ ‘ವೀಡು’ವಿಗೆ ಮನೆಯ ಜೊತೆಗೆ ಮೋಕ್ಷ ಎಂಬರ್ಥವೂ ಇದೆ. ನಮ್ಮ ಬಿಡುಗಡೆಗೆ ಅವರಲ್ಲಿ ‘ವಿಡುದಲೈ’, ತೆಲುಗಿನಲ್ಲಿ ‘ವಿಡುದಲ’. ಮರೆತುಬಿಟ್ಟೆ ಎನ್ನುವ ನಮ್ಮ ಬಾಲ ತಮಿಳಿನಲ್ಲೂ ಇದೆ, ಹಾಗಾಗಿ ತರಗತಿಯಲ್ಲಿ ತಮಿಳರು ಆ ಪಾಠದ ದಿನ ಕಾಲು ಚಾಚಿಕೊಂಡು ಕೂತಿರುತ್ತಾರೆ.

“ಗಾದೆಗಳಲ್ಲಿ ಬರುತ್ತಾ?”

ಬಾರದೆ ಬಿಡುತ್ತದೆಯೇ! ‘ಮೂರೂ ಬಿಟ್ಟವರು ಊರಿಗೆ ದೊಡ್ಡವರು’: ಆ ಮೂರು ಮಾನ, ಮರ್ಯಾದೆ, ನಾಚಿಕೆ ಎಂದು ಹೇಳುವುದುಂಟು. ಚುನಾವಣೆ ಹತ್ತಿರ ಬಂದಾಗ ಇದು ಹೆಚ್ಚು ಕೇಳಿಬರುತ್ತದೆ. ‘ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ’. ಇನ್ನೊಂದು ನನ್ನ ಮನೆದೇವರು: ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ’. ಅಲ್ಲಿ ‘ಕೊಂಡ’ ಮುಖ್ಯ. ಬಿಟ್ಟುಕೊಟ್ಟರೆ ಲಾಭ ಬೇರೆಯವರಿಗೆ, ಬಿಟ್ಟುಕೊಂಡರೆ ಕಡಿತ ತನಗೇ. ಈ ಪ್ರಶ್ನೋತ್ತರ ಬರೆಯಲು ಕೂತಾಗಿನಿಂದ ಆ ಇರುವೆ ನನಗೂ ಕಚ್ಚುತ್ತಿದೆ.

“‘ಬಿಡು’ಗೆ ವಿರುದ್ಧ ಪದ ‘ಹಿಡಿ’ ಅಂತ ಬರೆದ್ರೆ ಮಾರ್ಕ್ಸ್ ಸಿಗುತ್ತಾ?”

ಪರೀಕ್ಷೆಯಲ್ಲಿ ಸಿಗುತ್ತದೆ. ಮಳೆ ಹಿಡಿಯುತ್ತದೆ, ಬಿಡುತ್ತದೆ. ಗ್ರಹಣ ಹಿಡಿಯುತ್ತದೆ, ಬಿಡುತ್ತದೆ. ದೆವ್ವ, ಹಠ, ಹುಚ್ಚು, ಕೈ ಎಲ್ಲಕ್ಕೂ ನಡೆಯುತ್ತದೆ. ಆದರೆ ಬಿಟ್ಟ ಬಾಯಿಯನ್ನು ಮುಚ್ಚಬೇಕು, ಬಿಟ್ಟ ಚಪ್ಪಲಿಯನ್ನು ಮೆಟ್ಟಬೇಕು, ಬಿಟ್ಟ ಗಡ್ಡವನ್ನು ಬೋಳಿಸಬೇಕು (ಹಿಡಿದರೆ ಬೇಡಿಕೊಂಡಂತಾಗುತ್ತದೆ), ಬಿಟ್ಟ ಸ್ಥಳವನ್ನು ತುಂಬಬೇಕು. ಬಿಟ್ಟ ರೈಲಿಗೆ ಮಾತ್ರ ಇನ್ನೂ ಬ್ರೇಕು ಸಿಕ್ಕಿಲ್ಲ.